ಮುಟ್ಟದ ಲೇತಿನ ಸರ್ಟಿಫಿಕೇಟು

1954ರ ಜೂನ್ ತಿಂಗಳು. ನನಗಾಗ ಹದಿನೆಂಟು ವರ್ಷ. ಬಾಂದ್ರಾ ಸ್ಟೇಷನ್ನಿನಿಂದ ರೈಲು ಹಳಿಯ ಗುಂಟ ಉತ್ತರಕ್ಕೆ ನಡೆದರೆ ನಮ್ಮ ಗುಡಿಸಲುಗಳು ಸಿಗುತ್ತಿದ್ದವು. ನಲವತ್ತು ಐವತ್ತು ಮನೆಗಳು, ಎಲ್ಲರೂ ವಿಜಾಪುರದ ಕಡೆಯವರು, ಎಲ್ಲರದೂ ಒಂದೇ ಕಸುಬು. ಉಪನಗರಗಳಲ್ಲಿ ಹೊಸ ರಸ್ತೆ ಹಾಕುತ್ತಿದ್ದ ಕಾಂಟ್ರಾಕ್ಟರರಿಗೆ ಕಲ್ಲು ಒಡೆದು ಜಲ್ಲಿ ಮಾಡಿ ಕೊಡುವುದು. ಅಪ್ಪ, ಅವ್ವ, ಅಣ್ಣ, ಅತ್ತಿಗೆ ಎಲ್ಲರೂ ಸುತ್ತಿಗೆ ಹಿಡಿದವರೇ. ನಾನು ಮುನಸಿಪಾಲಿಟಿಯ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆ ಪಾಸಾಗಿದ್ದೆ. ನಮ್ಮ ಓಣಿಯಲ್ಲಿ ಅದೇ ದೊಡ್ಡ ಓದು.

ಪಕ್ಕದ ಗುಡಿಸಲಿನ ಯಲ್ಲಪ್ಪ ನನಗಿಂತ ಒಂದು ವರ್ಷ ದೊಡ್ಡವನು. ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟಿದ್ದ. ಅವನ ಅಪ್ಪ ತೀರಿಕೊಂಡಿದ್ದ. ಅವ್ವ ದುರ್ಗವ್ವ ಕಲ್ಲು ಒಡೆಯುವಾಗ ಚೂರು ಸಿಡಿದು ಎಡಗಣ್ಣು ಕಳೆದುಕೊಂಡಿದ್ದಳು. ಹುಣ್ಣು ಮಾಯುತ್ತಲೇ ಮತ್ತೆ ಕೆಲಸಕ್ಕೆ ಬಂದು ಕೂತಳು. ಇನ್ನೊಂದು ಕಣ್ಣಿಗೂ ಏನಾದರೂ ಆಗುವ ಮೊದಲು ಅವ್ವನ ಕೈಯಿಂದ ಸುತ್ತಿಗೆ ಬಿಡಿಸಬೇಕು ಎಂಬುದೊಂದೇ ಯಲ್ಲಪ್ಪನ ಆಸೆ. ಅದನ್ನು ಅವನು ನನ್ನ ಹತ್ತಿರ ಎಷ್ಟು ಸಲ ಹೇಳಿದ್ದನೋ ಲೆಕ್ಕವಿಲ್ಲ.

ಆ ಜೂನಿನಲ್ಲಿ ಒಂದು ರವಿವಾರ ನಮ್ಮ ಓಣಿಗೆ ಒಬ್ಬ ದೊಡ್ಡ ಮನುಷ್ಯರು ಬಂದರು. ಧಾರವಾಡದ ಕಡೆಯವರು, ಬಾಂದ್ರಾದಲ್ಲಿ ಸ್ವಂತ ಫ್ಲ್ಯಾಟು, ಆಫೀಸಿನಲ್ಲಿ ದೊಡ್ಡ ಹುದ್ದೆ. ಅವರ ಹೆಸರು ನಾನು ಇಲ್ಲಿ ಬರೆಯುವುದಿಲ್ಲ. ಅವರ ಮಕ್ಕಳು ಮೊಮ್ಮಕ್ಕಳು ಇದೇ ಊರಿನಲ್ಲಿದ್ದಾರೆ, ಅವರೇನೂ ತಪ್ಪು ಮಾಡಿಲ್ಲ. ನಾವು ಅವರನ್ನು ಸಾಹೇಬರು ಎನ್ನುತ್ತಿದ್ದೆವು. ಬಡ ಹುಡುಗರಿಗೆ ಕಸುಬು ಕಲಿಸಲು ನಾಲ್ಕಾರು ಜನ ಸೇರಿ ಒಂದು ಕಮಿಟಿ ಮಾಡಿದ್ದೇವೆ, ಅದರ ಕಾರ್ಯದರ್ಶಿ ತಾನು ಎಂದರು. ಹೆಂಗಸರೆಲ್ಲ ಸೆರಗು ಹೊದ್ದುಕೊಂಡು ನಿಂತು ಕೇಳಿದರು.

“ದೇಶದಾಗ ಕಾರಖಾನಿ ಏಳಲಿಕ್ಕೆ ಹತ್ಯಾವ. ನಿಮ್ಮ ಹುಡುಗೂರು ಇನ್ನ ಕಲ್ಲು ಒಡಕೋತ ಕೂಡಬಾರದು. ಮಶೀನ್ ಹಿಡೀಬೇಕು,” ಎಂದರು ಸಾಹೇಬರು.

ನಮ್ಮ ಅಪ್ಪ ಆ ಮಾತಿಗೆ ಕೈಮುಗಿದ. ಒಂದು ವರ್ಷ ನಾನು ದುಡಿಯದಿದ್ದರೆ ಮನೆ ಹೇಗೆ ನಡೆದೀತು ಎಂದು ಅವ್ವ ಕೇಳಿದ್ದಕ್ಕೆ, ಒಪ್ಪತ್ತು ಉಂಡರಾಯಿತು, ಮಗ ಮಿಸ್ತ್ರಿ ಆಗಲಿ ಎಂದ. ನಾನೂ ಯಲ್ಲಪ್ಪನೂ ಹೆಸರು ಬರೆಸಿದೆವು. ಒಟ್ಟು ಹನ್ನೆರಡು ಮಂದಿ.

ಕ್ಲಾಸು ನಡೆಯುತ್ತಿದ್ದುದು ಸ್ಟೇಷನ್ನಿನ ಪೂರ್ವಕ್ಕೆ ಒಂದು ತಗಡಿನ ಶೆಡ್ಡಿನಲ್ಲಿ. ಒಳಗೆ ಕಾಲಿಟ್ಟ ಮೊದಲ ದಿನ ನಮ್ಮ ಕಣ್ಣು ಹೋದದ್ದು ನಡುವೆ ನಿಲ್ಲಿಸಿದ್ದ ಲೇತ್ ಮಶೀನಿನ ಕಡೆಗೆ. ಕಬ್ಬಿಣದ ತುಂಡನ್ನು ಬಿಗಿಯಾಗಿ ಹಿಡಿದು ಗರಗರ ತಿರುಗಿಸುವ ಯಂತ್ರ ಅದು. ತಿರುಗುವ ತುಂಡಿಗೆ ಹತ್ಯಾರ ತಾಗಿಸಿ ಬೇಕಾದ ಆಕಾರಕ್ಕೆ ಕೊರೆಯುತ್ತಾರೆ. ಲೇತ್ ಬಲ್ಲವನಿಗೆ ಮುಂಬಯಿಯಲ್ಲಿ ಎಲ್ಲಿ ಹೋದರೂ ಕೆಲಸವಿದೆ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ಯಾರೋ ಪುಣ್ಯಾತ್ಮರು ದಾನ ಕೊಟ್ಟಿದ್ದ ಆ ಲೇತಿಗೆ ಹಸಿರು ಬಣ್ಣ ಮಿರಿಮಿರಿ ಮಿಂಚುತ್ತಿತ್ತು. ದಾನಿಯ ಹೆಸರಿನ ಹಿತ್ತಾಳೆ ತಗಡು ಬೇರೆ. ಯಲ್ಲಪ್ಪ ಅದರ ಚಕ್ರಕ್ಕೆ ಕೈ ಹಚ್ಚಲು ಹೋದಾಗ, ಮುಟ್ಟಬೇಡ ಎಂದು ಹಿಂದಿನಿಂದ ಕೂಗು ಬಂತು.

ಕೂಗಿದವರು ಶೀನ ಮಾಸ್ತರು. ಮಂಗಳೂರು ಕಡೆಯವರು. ಬಟ್ಟೆ ಮಿಲ್ಲಿನ ವರ್ಕ್‌ಶಾಪಿನಲ್ಲಿ ಬಹಳ ವರ್ಷ ಫಿಟರ್ ಆಗಿದ್ದು, ನಿವೃತ್ತರಾದ ಮೇಲೆ ನಮಗೆ ಕಲಿಸಲು ಬಂದಿದ್ದರು. ಕೆಟ್ಟ ಮನುಷ್ಯರಲ್ಲ. ಆದರೆ ಹೆದರುವ ಮನುಷ್ಯರು.

ನಮಗೆ ಕೈಗೆ ಕೊಟ್ಟದ್ದು ಅರ. ಮುಂಬಯಿಯಲ್ಲಿ ಅದಕ್ಕೆ ಕಾನಸ್ ಎನ್ನುತ್ತಾರೆ. ಕಬ್ಬಿಣದ ಪಟ್ಟಿಯನ್ನು ಉಜ್ಜಿ ಉಜ್ಜಿ ನಯ ಮಾಡುವುದು ಮೊದಲ ಪಾಠ ಎಂದರು. ಸರಿ, ಉಜ್ಜಿದೆವು. ಎರಡು ತಿಂಗಳಾದ ಮೇಲೆ ಪಟ್ಟಿಗೆ ತೂತು ಕೊರೆದು, ಮಡಚಿ, ಕಿಟಕಿ ಬಾಗಿಲುಗಳಿಗೆ ಹಾಕುವ ಬಿಜಾಗರಿ ಮಾಡಲು ಕಲಿತೆವು. ಮತ್ತೆ ಅದನ್ನೇ ಮಾಡಿದೆವು. ದಸರೆ ಬಂತು, ದೀಪಾವಳಿ ಬಂತು, ಸಂಕ್ರಾಂತಿ ಬಂತು, ನಾವು ಬಿಜಾಗರಿ ಮಾಡುತ್ತಲೇ ಇದ್ದೆವು. ವಾರಕ್ಕೊಮ್ಮೆ ಕೈಗಾಡಿ ಬಂದು ಚೀಲಗಟ್ಟಲೆ ಬಿಜಾಗರಿ ತುಂಬಿಕೊಂಡು ಹೋಗುತ್ತಿತ್ತು. ಎಲ್ಲಿಗೆ ಎಂದು ನಮಗೆ ಯಾರೂ ಹೇಳಲಿಲ್ಲ. ಒಂದು ದಿನ ಯಲ್ಲಪ್ಪ ಗಾಡಿಯ ಹಿಂದೆಯೇ ಹೋಗಿ ನೋಡಿಕೊಂಡು ಬಂದ. ಸಾಹೇಬರ ಭಾವಮೈದುನರು ಖಾರ್‌ನಲ್ಲಿ ಒಂದು ಬಿಲ್ಡಿಂಗು ಕಟ್ಟಿಸುತ್ತಿದ್ದರು. ಅದರ ಕಿಟಕಿಗಳಿಗೆಲ್ಲ ನಾವು ಮಾಡಿದ ಬಿಜಾಗರಿ.

ಲೇತಿನ ಮೇಲೆ ಮಾತ್ರ ಬಿಳಿ ಬಟ್ಟೆ ಹೊದಿಸಿಯೇ ಇತ್ತು. ಶುಕ್ರವಾರಕ್ಕೊಮ್ಮೆ ಬಟ್ಟೆ ತೆಗೆದು ನಮ್ಮಿಂದ ಎಣ್ಣೆ ಒರೆಸಿಸಿ, ಮತ್ತೆ ಹೊದಿಸುತ್ತಿದ್ದರು. ಅದಕ್ಕೆ ಕರೆಂಟಿನ ಲೈನನ್ನೇ ಎಳೆದಿರಲಿಲ್ಲ. ಯಾವಾಗ ಕಲಿಸುತ್ತೀರಿ ಎಂದು ನಾನು ಮಾಸ್ತರರನ್ನು ಕೇಳಿದೆ.

“ಅದು ನನ್ನ ಕೈಲಿ ಇಲ್ಲ ಮಾರಾಯ. ನಾಲ್ಕು ಸಲ ಕೇಳಿದೆ. ಹುಡುಗರು ಮುಟ್ಟಿದರೆ ಹಾಳಾಗ್ತದೆ, ದಾನ ಕೊಟ್ಟವರು ನೋಡ್ಲಿಕ್ಕೆ ಬಂದರೆ ಹೊಸತಾಗಿಯೇ ಇರ್ಬೇಕು ಅಂತಾರೆ,” ಎಂದರು ಅವರು. ಮತ್ತೆ ಆ ವಿಷಯ ತೆಗೆಯಬೇಡ ಎಂದೂ ಹೇಳಿದರು.

ಏಪ್ರಿಲ್ ತಿಂಗಳಲ್ಲಿ ನೋಡಲು ಬರುವವರು ಬಂದೇ ಬಂದರು. ಸರ್ಕಾರದ ಒಬ್ಬ ಹಿರಿಯ ಇಂಜಿನಿಯರರು ಬರುತ್ತಾರೆ, ಅವರು ಮೆಚ್ಚಿದರೆ ಕ್ಲಾಸಿಗೆ ಸರ್ಕಾರದ ಸಹಾಯ ಸಿಗುತ್ತದೆ ಎಂದು ಸಾಹೇಬರು ಒಂದು ವಾರ ಮೊದಲೇ ಹೇಳಿದ್ದರು. ಶೆಡ್ಡಿಗೆ ಸುಣ್ಣ ಹೊಡೆದೆವು. ಅತಿಥಿಗಳು ಕೂರುವ ಜಾಗದ ಮೇಲೆ ಹೊಸ ಫ್ಯಾನು ಬಂತು. ನಮಗೆಲ್ಲ ನೀಲಿ ಬಣ್ಣದ ಅಂಗಿ ಕೊಟ್ಟರು, ಸಂಜೆ ವಾಪಸು ಕೊಡಬೇಕೆಂಬ ಕರಾರಿನ ಮೇಲೆ. ಒಂದು ಮೇಜಿನ ಮೇಲೆ ಲೇತಿನಲ್ಲಿ ಕೊರೆದ ಹೊಳೆಯುವ ಬೋಲ್ಟು, ಉರುಳೆ, ದಂಡಗಳನ್ನು ಜೋಡಿಸಿಟ್ಟರು. ಎಲ್ಲಿಂದಲೋ ಕೊಂಡು ತಂದದ್ದು. ಅದರ ಮುಂದೆ ‘ವಿದ್ಯಾರ್ಥಿಗಳ ಕೆಲಸ’ ಎಂದು ಇಂಗ್ಲಿಷಿನಲ್ಲಿ ಬರೆದ ರಟ್ಟು. ನಾನು ಅದನ್ನು ಅಕ್ಷರ ಅಕ್ಷರ ಕೂಡಿಸಿ ಓದಿದೆ. ಯಲ್ಲಪ್ಪನನ್ನು ಲೇತಿನ ಮುಂದೆ ನಿಲ್ಲಿಸಿ, ಒಂದು ಕೈ ಇಲ್ಲಿ ಇಡು, ಇನ್ನೊಂದು ಅಲ್ಲಿ ಇಡು, ತಲೆ ಬಗ್ಗಿಸಿ ಕೆಲಸ ಮಾಡುವವನ ಹಾಗೆ ನೋಡು ಎಂದು ತೋರಿಸಿಕೊಟ್ಟರು. ಫೋಟೋದವನು ಎರಡು ಸಲ ಬೆಳಕು ಹೊಡೆದ.

ಇಂಜಿನಿಯರರು ನಿಧಾನ ಸ್ವಭಾವದವರು. ಒಂದು ಸುತ್ತು ತಿರುಗಿ, ಮೇಜಿನ ಮೇಲಿದ್ದುದನ್ನೆಲ್ಲ ಕೈಯಲ್ಲಿ ಹಿಡಿದು ನೋಡಿ, ಲೇತ್ ನಡೆಸಿ ತೋರಿಸಲು ಹಿಂದಿಯಲ್ಲಿ ಹೇಳಿದರು. ಯಲ್ಲಪ್ಪ ಸಾಹೇಬರ ಮುಖ ನೋಡಿದ. ಸಾಹೇಬರು ನಗುತ್ತಲೇ, ಇವತ್ತು ಬೆಳಿಗ್ಗೆಯಿಂದ ಕರೆಂಟು ಹೋಗಿದೆ, ನಮ್ಮ ದುರದೃಷ್ಟ ಎಂದರು. ಇಂಜಿನಿಯರರು ತಲೆಯೆತ್ತಿ ಮೇಲೆ ನೋಡಿದರು. ಫ್ಯಾನು ತಿರುಗುತ್ತಿತ್ತು. ಅವರು ಮುಗುಳ್ನಕ್ಕರು. ಸಾಹೇಬರೂ ನಕ್ಕರು. ಅಲ್ಲಿದ್ದ ನಾಲ್ಕಾರು ಕಮಿಟಿಯವರೂ ನಕ್ಕರು.

ಆ ನಗೆ ನೋಡಿ ನನಗೆ ಒಳಗೆ ಬೆಂಕಿ ಬಿದ್ದಂತಾಯಿತು. ನಾವು ಹನ್ನೆರಡು ಜನ ಬೇರೆಯವರ ಅಂಗಿ ತೊಟ್ಟು ಬೊಂಬೆಗಳಂತೆ ನಿಂತಿದ್ದೆವು. ನಮ್ಮ ಮನೆಗಳಲ್ಲಿ ಒಂದು ವರ್ಷ ಒಪ್ಪತ್ತು ಉಂಡಿದ್ದರು. ನಾನು ಸಾಲಿನಿಂದ ಮುಂದೆ ಬಂದು, ಬಂದಷ್ಟು ಹಿಂದಿಯಲ್ಲಿ ಹೇಳಿದೆ.

“ಸಾಬ್, ಏ ಮಶೀನ್ ಏಕ್ ದಿನ್ ಭೀ ನಹೀ ಚಲಾ. ಹಮ್ ಕೋ ಕುಛ್ ನಹೀ ಸಿಖಾಯಾ.” ಈ ಮಶೀನು ಒಂದು ದಿನವೂ ನಡೆದಿಲ್ಲ, ನಮಗೆ ಏನೂ ಕಲಿಸಿಲ್ಲ ಎಂದು.

ಇಂಜಿನಿಯರರು ನನ್ನ ಹತ್ತಿರ ಬಂದು ಹೆಸರು ಕೇಳಿದರು. ಹಣಮಂತ ಎಂದೆ. ಅವರು ನನ್ನ ಭುಜ ತಟ್ಟಿದರು. ಇನ್ನು ಎಲ್ಲ ಸರಿಯಾಗುತ್ತದೆ ಎಂದು ನಾನು ನಂಬಿದೆ. ಆಮೇಲೆ ಅವರು ಕುರ್ಚಿಯ ಮೇಲೆ ಕೂತು, ಎಳನೀರು ಕುಡಿದು, ಸಾಹೇಬರು ಮುಂದೆ ಹಿಡಿದ ದಪ್ಪ ಪುಸ್ತಕದಲ್ಲಿ ಏನೋ ಬರೆದು ಸಹಿ ಹಾಕಿದರು. ಅವರ ಕಾರು ಹೋದ ಮೇಲೆ ಸಾಹೇಬರು ಅದನ್ನು ಕಮಿಟಿಯವರಿಗೆ ಗಟ್ಟಿಯಾಗಿ ಓದಿ ಹೇಳಿದರು. ಹಿಂದುಳಿದ ಯುವಕರಿಗಾಗಿ ಬಹಳ ಉತ್ತಮ ಕೆಲಸ ನಡೆಯುತ್ತಿದೆ, ನೋಡಿ ಸಂತೋಷವಾಯಿತು ಎಂದು ಬರೆದಿತ್ತಂತೆ.

ನನ್ನನ್ನು ಅಂದೇ ಕ್ಲಾಸಿನಿಂದ ತೆಗೆದುಹಾಕಿದರು. ಬೈಯಲೂ ಇಲ್ಲ. ನೀಲಿ ಅಂಗಿ ಬಿಚ್ಚಿ ಇಟ್ಟು ಹೋಗು ಎಂದರು ಅಷ್ಟೇ. ಮನೆಗೆ ಬಂದು ಹೇಳಿದಾಗ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತ. ದೊಡ್ಡವರ ಮುಂದೆ ಬಾಯಿ ಯಾಕೆ ಬಿಟ್ಟೆ ಎಂದು ಅವ್ವ ಅತ್ತಳು. ಮರುದಿನ ನಾನು ಸುತ್ತಿಗೆ ಹಿಡಿದು ಅವರ ಜೊತೆ ಕಲ್ಲು ಒಡೆಯಲು ಹೋದೆ.

ಮೇ ತಿಂಗಳ ಕೊನೆಗೆ ಉಳಿದ ಹನ್ನೊಂದು ಜನರಿಗೂ ಸರ್ಟಿಫಿಕೇಟು ಕೊಟ್ಟರು. ದಪ್ಪ ಕಾಗದ, ಕೆಂಪು ಮೊಹರು, ನಾಲ್ಕು ಸಹಿ. ಎಲ್ಲ ಇಂಗ್ಲಿಷು. ನಮ್ಮ ಓಣಿಯಲ್ಲಿ ಯಾರಿಗೂ ಓದಲು ಬಾರದು. ನನ್ನ ಇಂಗ್ಲಿಷು ಅಷ್ಟಕ್ಕೆ ಸಾಲದು. ಮಾಟುಂಗದಲ್ಲಿ ಒಂದು ಉಡುಪಿ ಹೋಟೆಲಿನ ಗಲ್ಲೆಯ ಮೇಲೆ ಕೂತು ದುಡ್ಡು ತೆಗೆದುಕೊಳ್ಳುವವರು ನನಗೆ ಪರಿಚಯದವರಿದ್ದರು. ಅವರಿಂದ ಓದಿಸೋಣ ಎಂದು ನಾನೂ ಯಲ್ಲಪ್ಪನೂ ಲೋಕಲ್ ಗಾಡಿ ಹತ್ತಿ ಹೋದೆವು. ಅವರು ಕನ್ನಡಕ ಏರಿಸಿ ಪೂರ್ತಿ ಓದಿ, “ಯಲ್ಲಪ್ಪ ಅಂದ್ರೆ ನೀನಾ? ಲೇತ್ ಕೆಲಸದಲ್ಲಿ ಒಂದು ವರ್ಷ ಪೂರ್ಣ ತರಬೇತಿ ಆಗಿ ಪಾಸ್ ಆಗಿದ್ದೀ ಅಂತ ಉಂಟು,” ಎಂದರು. ಸಂತೋಷದಿಂದ ಇಬ್ಬರಿಗೂ ಕಾಫಿ ತರಿಸಿದರು.

ಹೊರಗೆ ಬಂದ ಮೇಲೆ ಯಲ್ಲಪ್ಪ ಕಾಗದವನ್ನು ಮಡಚಿ ಅಂಗಿಯೊಳಗೆ ಇಟ್ಟುಕೊಂಡ. ಸ್ಟೇಷನ್ನಿನಲ್ಲಿ ಗಾಡಿ ಕಾಯುತ್ತ ನಿಂತಾಗ ನಾನೇ ಹೇಳಿದೆ. ಇದು ಸುಳ್ಳು ಕಾಗದ, ಇದನ್ನು ಹಿಡಿದುಕೊಂಡು ಎಲ್ಲಿಗೂ ಹೋಗಬೇಡ ಎಂದೆ.

“ಇಷ್ಟು ದೊಡ್ಡವರು ಸಹಿ ಮಾಡ್ಯಾರ. ನನಗ ಬರ್ತದ ಅಂತ ಅವರಿಗೆ ಅನಿಸಿರಬೇಕಲ್ಲ,” ಎಂದ ಅವನು. ಮತ್ತೆ, “ನೀ ಬಾಯಿ ಬಿಟ್ಟು ಕಳಕೊಂಡಿ ಹಣಮ್ಯಾ. ನಾನೂ ಕಳಕೊಳ್ಳಲೇನು? ಅವ್ವನ ಕಣ್ಣು ಒಂದ ಉಳದದ,” ಎಂದ.

ಖರೇ ಹೇಳಬೇಕೆಂದರೆ ಆ ಕಾಗದ ನನಗೂ ಸಿಕ್ಕಿದ್ದರೆ ಎಂದು ಒಳಗೊಳಗೇ ಹೊಟ್ಟೆಕಿಚ್ಚೂ ಆಗಿತ್ತು.

ಜೂನಿನಲ್ಲಿ ಅಂಧೇರಿಯ ಆಚೆ ಒಂದು ಕಾರಖಾನೆಯಲ್ಲಿ ಲೇತ್ ಕೆಲಸಗಾರರು ಬೇಕಾಗಿದ್ದಾರೆ ಎಂಬ ಸುದ್ದಿ ಬಂತು. ಯಲ್ಲಪ್ಪ ಸರ್ಟಿಫಿಕೇಟು ತೋರಿಸಿ ಬಂದ. ಮರುದಿನ ಬೆಳಿಗ್ಗೆ ಟ್ರಯಲ್ ಕೊಡಲು ಬಾ ಎಂದರಂತೆ. ದುರ್ಗವ್ವ ಓಣಿಯ ತುಂಬ ಹೇಳಿಕೊಂಡು ಬಂದಳು. ಕಾರಖಾನೆಯ ದೊಡ್ಡವರ ಮುಂದೆ ಹೋಗುವಾಗ ಹರಕು ಅಂಗಿ ಹಾಕಿಕೊಂಡು ಹೋಗಬಾರದು ಎಂದು ಯಲ್ಲಪ್ಪ ನನ್ನ ಅಂಗಿ ಕೇಳಿದ. ಅಣ್ಣನ ಮದುವೆಗೆ ಹೊಲಿಸಿದ್ದ, ತುಂಬು ತೋಳಿನ ಬಿಳಿ ಅಂಗಿ. ನನ್ನ ಹತ್ತಿರ ಇದ್ದ ಒಳ್ಳೆಯ ಅಂಗಿ ಅದೊಂದೇ. ನಾನೇ ಅವನಿಗೆ ತೊಡಿಸಿ, ತೋಳಿನ ಗುಂಡಿ ಹಾಕಿ ಕಳಿಸಿದೆ.

ಮಧ್ಯಾಹ್ನ ನಾವು ರಸ್ತೆಯ ಬದಿ ರೊಟ್ಟಿ ಬಿಚ್ಚಿ ಕೂತಿದ್ದಾಗ ಆ ಕಾರಖಾನೆಯ ಒಬ್ಬ ಮನುಷ್ಯ ಸೈಕಲ್ ಮೇಲೆ ಹುಡುಕಿಕೊಂಡು ಬಂದ. ಯಲ್ಲಪ್ಪನನ್ನು ದೊಡ್ಡ ಆಸ್ಪತ್ರೆಗೆ ಸೇರಿಸಿದ್ದಾರೆ ಎಂದ. ದುರ್ಗವ್ವ ಕೈಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದಳು. ಹೋಗುವ ದಾರಿಯುದ್ದಕ್ಕೂ ಆಕೆ ನನ್ನ ಮೊಣಕೈ ಹಿಡಿದುಕೊಂಡೇ ಇದ್ದಳು.

ನಡೆದದ್ದು ಇಷ್ಟು. ಫೋರಮನ್ನನು ಒಂದು ದಂಡವನ್ನು ಮಶೀನಿಗೆ ಕಟ್ಟಿಕೊಟ್ಟು, ಇದನ್ನು ಇಷ್ಟು ಸಣ್ಣ ಮಾಡು ಎಂದು ಹೇಳಿ ಪಕ್ಕದ ಮಶೀನಿಗೆ ಹೋಗಿದ್ದಾನೆ. ಸರ್ಟಿಫಿಕೇಟು ಇದ್ದವನಿಗೆ ಅದಕ್ಕಿಂತ ಹೆಚ್ಚು ಹೇಳುವುದೇನಿದೆ? ಯಲ್ಲಪ್ಪ ಮಶೀನಿನ ಗುಂಡಿ ಒತ್ತಿದ್ದಾನೆ. ಹತ್ಯಾರ ತಾಗಿಸಲು ಬಗ್ಗಿದಾಗ ಅಂಗಿಯ ತೋಳು ತಿರುಗುವ ದಂಡಕ್ಕೆ ಸುತ್ತಿಕೊಂಡು ಕೈಯನ್ನು ಒಳಗೆ ಎಳೆದಿದೆ. ಬಲಗೈಯ ಮೂರು ಬೆರಳು ಹೋದವು. ಉಳಿದ ಎರಡೂ ಮತ್ತೆಂದೂ ಮಡಚಲಿಲ್ಲ.

ಆ ಫೋರಮನ್ನ ಸಂಜೆ ಆಸ್ಪತ್ರೆಗೆ ಬಂದಿದ್ದ. ಮರಾಠಿ ಮನುಷ್ಯ. ನನ್ನನ್ನು ಆಚೆ ಕರೆದು, ಈ ಹುಡುಗನಿಗೆ ಯಾರು ಸರ್ಟಿಫಿಕೇಟು ಕೊಟ್ಟರು, ಅವನಿಗೆ ಮಶೀನು ನಿಲ್ಲಿಸುವುದೇ ಗೊತ್ತಿರಲಿಲ್ಲವಲ್ಲ ಎಂದು ಕೇಳಿದ. ಆ ಕಾಗದವನ್ನು ನನ್ನ ಕೈಗೆ ಕೊಟ್ಟ. ಯಲ್ಲಪ್ಪ ಇನ್ನೂ ಕೆಲಸಕ್ಕೆ ಸೇರಿರಲಿಲ್ಲ, ಟ್ರಯಲ್ ಮಾತ್ರ, ಹಾಗಾಗಿ ಕಾರಖಾನೆಯಿಂದ ಏನೂ ಸಿಗುವುದಿಲ್ಲ ಎಂದೂ ಹೇಳಿದ. ಹೇಳುವಾಗ ಅವನಿಗೇ ನಾಚಿಕೆಯಾಗುತ್ತಿತ್ತು.

ಮುಂದಿನ ರವಿವಾರ ಬೆಳಿಗ್ಗೆ ನಾನು ಆ ಕಾಗದ ಹಿಡಿದು ಸಾಹೇಬರ ಫ್ಲ್ಯಾಟಿಗೆ ಹೋದೆ. ಅವರು ಪೇಪರು ಓದುತ್ತ ಕೂತಿದ್ದರು. ಒಳಗೆ ಬಾ ಎನ್ನಲಿಲ್ಲ, ಹೋಗು ಎಂದೂ ಅನ್ನಲಿಲ್ಲ. ಬಾಗಿಲಲ್ಲಿ ನಿಂತೇ ಎಲ್ಲ ಹೇಳಿದೆ. ನೀವು ಬಂದು ಒಮ್ಮೆ ಅವನ ಅವ್ವನನ್ನು ನೋಡಬೇಕು, ಅವನಿಗೆ ಏನಾದರೂ ದಾರಿ ಮಾಡಬೇಕು ಎಂದೆ. ಅವರು ಅಯ್ಯೋ ಪಾಪ ಎಂದರು. ಕಾಗದ ಎಲ್ಲಿದೆ, ಕೊಡು ನೋಡೋಣ ಎಂದರು. ಕೊಟ್ಟೆ. ಅದನ್ನು ಓದಲೂ ಇಲ್ಲ. ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲೆ ಪೇಪರಿನ ಕೆಳಗೆ ಇಟ್ಟರು. ಇದಿನ್ನು ನಿಮಗೆ ಯಾಕೆ ಬೇಕು ಎಂದರು.

ಕಲಿಸದೆ ಯಾಕೆ ಬರೆದುಕೊಟ್ಟಿರಿ ಎಂದು ಕೇಳಿದೆ. ಆಗ ಅವರ ದನಿ ಬದಲಾಯಿತು.

“ನಿಮ್ಮ ಮ್ಯಾಲಿನ ಕನಿಕರಕ್ಕ ಬರಕೊಟ್ಟದ್ದಪಾ ಅದು. ನಾಲ್ಕು ದುಡ್ಡು ಗಳಿಸ್ಕೊಳ್ಳಿ ಅಂತ. ಹಸದವಗ ಅನ್ನಾ ಹಾಕಿದ್ರ, ಗಂಟಲಾಗ ಸಿಕ್ಕೊಂತು ಅಂತ ಯಾರರ ಜಗಳಕ್ಕ ಬರ್ತಾರೇನು?”

ಕನಿಕರ! ಒಂದು ವರ್ಷ ನಮ್ಮಿಂದ ಪುಕ್ಕಟೆ ದುಡಿಸಿಕೊಂಡವರು ಆಡುವ ಮಾತು ಇದು. ನೀವು ಅನ್ನ ಹಾಕಲಿಲ್ಲ, ಅನ್ನ ಎಂದು ಬರೆದ ಚೀಟಿ ಕೊಟ್ಟಿರಿ ಎಂದು ಹೇಳಬೇಕಿತ್ತು ಅಂತ ಆಮೇಲೆ ದಾರಿಯಲ್ಲಿ ಹೊಳೆಯಿತು. ಆಗ ಮಾಡಿದ್ದು ಒಂದೇ. ಚಪ್ಪಲಿ ಕಾಲಿನಲ್ಲೇ ಒಳಗೆ ಹೋಗಿ, ಪೇಪರಿನ ಕೆಳಗಿದ್ದ ಆ ಕಾಗದವನ್ನು ಅವರ ಕೈಯ ಅಡಿಯಿಂದ ಎಳೆದುಕೊಂಡೆ. ಅವರು ನನ್ನ ಕೈ ಹಿಡಿದರು. ನಾನು ಕಲ್ಲು ಒಡೆಯುವವನು. ಬಿಡಿಸಿಕೊಂಡು ಬಂದೆ.

ಹೋಟೆಲಿನ ಗಲ್ಲೆಯವರು ನನ್ನ ಮಾತು ಕೇಳಿ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದುಕೊಟ್ಟರು. ಅದನ್ನೂ ಸರ್ಟಿಫಿಕೇಟನ್ನೂ ಹಿಡಿದು ನಾನು ಆ ಇಂಜಿನಿಯರರ ಆಫೀಸಿಗೆ ಹೋದೆ. ಮೂರು ದಿನ ಹೋದೆ. ಮೂರನೆಯ ದಿನ ಬಾಗಿಲು ಕಾಯುವ ಪಟ್ಟೇವಾಲಾ ಅರ್ಜಿ ಒಳಗೆ ಒಯ್ದು ಕೊಟ್ಟು ಬಂದು, ನೋಡುತ್ತಾರಂತೆ ಹೋಗು ಎಂದ. ಇವತ್ತಿನವರೆಗೆ ಉತ್ತರ ಬಂದಿಲ್ಲ. ಆ ವರ್ಷವೇ ಕ್ಲಾಸು ಮುಚ್ಚಿತು. ಲೇತನ್ನು ಯಾರಿಗೋ ಮಾರಿದರಂತೆ.

ಶೀನ ಮಾಸ್ತರು ಮಾತ್ರ ಒಂದು ದಿನ ಆಸ್ಪತ್ರೆಗೆ ಬಂದರು. ಯಲ್ಲಪ್ಪನ ಹಾಸಿಗೆಯ ಹತ್ತಿರ ಬರಲಿಲ್ಲ. ವಾರ್ಡಿನ ಬಾಗಿಲಲ್ಲೇ ನಿಂತು ನನ್ನನ್ನು ಕರೆದರು. “ಮಶೀನ್ ಕಲಿಸ್ಲಿಕ್ಕೆ ಬಿಡದಿದ್ರೆ ಬಾಯಲ್ಲಾದ್ರೂ ಹೇಳ್ಬಹುದಿತ್ತು. ನಾನು ಹೇಳ್ಲಿಲ್ಲ,” ಎಂದರು. ಕುರ್ಲಾದಲ್ಲಿ ತಮ್ಮ ಗುರುತಿನ ಒಬ್ಬ ಮುಸಲ್ಮಾನ ಉಸ್ತಾದರ ಸಣ್ಣ ವರ್ಕ್‌ಶಾಪಿದೆ, ನಿನ್ನ ವಿಷಯ ಹೇಳಿದ್ದೇನೆ, ಹೋಗಿ ಸೇರಿಕೊ ಎಂದು ವಿಳಾಸ ಬರೆದ ಚೀಟಿ ಕೊಟ್ಟು ಹೋದರು.

ನಾನು ಹೋದೆ. ಅಲ್ಲಿ ಗೋಡೆಗೆ ಸುಣ್ಣವಿರಲಿಲ್ಲ, ಹಿತ್ತಾಳೆ ತಗಡು ಇರಲಿಲ್ಲ. ಕಪ್ಪು ಎಣ್ಣೆ ಮೆತ್ತಿದ ಒಂದು ಹಳೆಯ ಲೇತ್ ಇಡೀ ದಿನ ತಿರುಗುತ್ತಿತ್ತು. ಮೊದಲ ದಿನ ಉಸ್ತಾದರು ನನ್ನನ್ನು ಹತ್ತಿರ ಕರೆದು ಕಾಲಿನಿಂದ ತಲೆಯವರೆಗೆ ನೋಡಿದರು. “ಬೇಟಾ, ಪಹಲೇ ಆಸ್ತೀನ್ ಊಪರ್ ಕರ್,” ಎಂದರು. ಮೊದಲು ತೋಳು ಮೇಲಕ್ಕೆ ಮಡಚು ಎಂದು. ನಾನು ಮಡಚುವಾಗ, ತಾವೇ ಇನ್ನೊಂದು ಮಡಿಕೆ ಹೆಚ್ಚು ಹಾಕಿ ಮೊಣಕೈಯ ಮೇಲೆ ಬಿಗಿ ಮಾಡಿದರು. ಮಶೀನಿನ ಹತ್ತಿರ ಬರುವ ಯಾರಿಗೇ ಆಗಲಿ ಮೊದಲ ಮಾತು ಅದೇ ಎಂದರು.

ನಾನು ಅಲ್ಲೇ ಅತ್ತುಬಿಟ್ಟೆ. ಅವರಿಗೆ ಯಾಕೆಂದು ತಿಳಿಯಲಿಲ್ಲ. ಒಂದು ಮಾತು! ಹೇಳಲು ಒಂದು ನಿಮಿಷವೂ ಬೇಡ, ಕರೆಂಟೂ ಬೇಡ, ದಾನಿಗಳೂ ಬೇಡ. ಒಂದು ವರ್ಷದಲ್ಲಿ ಆ ಒಂದು ಮಾತನ್ನು ನಮಗೆ ಯಾರೂ ಹೇಳಿರಲಿಲ್ಲ. ತೋಳಿನ ಗುಂಡಿ ಹಾಕಿ ಕಳಿಸಿದ್ದು ನಾನು, ಅದು ನಿಜ. ಆದರೆ ನಮಗೆ ಏನೂ ಕಲಿಸಿಲ್ಲವೆಂದು ಗೊತ್ತಿದ್ದವರು ನಾಲ್ಕು ಸಹಿ ಹಾಕಿದ್ದರು.

ಉಸ್ತಾದರ ಕೈಕೆಳಗೆ ನಾನು ನಾಲ್ಕು ವರ್ಷ ಕಲಿತೆ. ಆಮೇಲೆ ದೊಡ್ಡ ಕಾರಖಾನೆ ಸೇರಿ ಲೇತ್ ನಡೆಸುವ ಟರ್ನರ್ ಆಗಿ ನಿವೃತ್ತನಾದೆ. ಈಗ ಬೊರಿವಲಿಯಲ್ಲಿ ಮಗನ ಮನೆಯಲ್ಲಿದ್ದೇನೆ. ಯಲ್ಲಪ್ಪ ಎಡಗೈಯಲ್ಲಿ ಸಹಿ ಹಾಕಲು ಕಲಿತು ಒಂದು ಗೋದಾಮಿನ ವಾಚ್‌ಮನ್ ಆದ. ಮದುವೆಯಾದ, ಒಬ್ಬಳು ಮಗಳು ಹುಟ್ಟಿದಳು. ದುರ್ಗವ್ವ ಕೈ ನಡೆಯುವವರೆಗೂ ಕಲ್ಲು ಒಡೆದಳು. ಸಾಯುವ ಎರಡು ವರ್ಷ ಮೊದಲು ಆಕೆಗೆ ಏನೂ ಕಾಣುತ್ತಿರಲಿಲ್ಲ.

ಯಲ್ಲಪ್ಪನ ಮಗಳು ರೇಣುಕಾ ಮೆಟ್ರಿಕ್ ಮುಗಿಸಿ ರೇಡಿಯೋ ರಿಪೇರಿ ಕಲಿಸುವ ಸರ್ಕಾರಿ ಕೋರ್ಸಿಗೆ ಸೇರಿದಳು. ಇಪ್ಪತ್ತು ವರ್ಷವೇ ಕಳೆದಿತ್ತು. ಪೇಢೆ ಹಿಡಿದುಕೊಂಡು ಅಪ್ಪ ಮಗಳು ನಮ್ಮ ಮನೆಗೆ ಬಂದರು. ಮಾತಿನ ನಡುವೆ ಯಲ್ಲಪ್ಪ ಮಗಳಿಗೆ ಬುದ್ಧಿ ಹೇಳಿದ. “ಲಕ್ಷ್ಯ ಕೊಟ್ಟು ಕಲಿ ಅವ್ವಾ. ನಿಮ್ಮಪ್ಪಗೂ ಕಲಿಸಿದ್ರು. ನನ್ನ ತಲಿಗೆ ಹತ್ತಲಿಲ್ಲ. ಅದಕ್ಕ ಹಿಂಗಾತು.”

ನಾನು ಚಹಾದ ಕಪ್ಪು ಕೆಳಗಿಟ್ಟೆ. ಇಷ್ಟು ವರ್ಷ ಅವನ ಜೊತೆ ಎಷ್ಟೋ ಸಲ ಕೂತು ಎದ್ದಿದ್ದೇನೆ, ಆ ದಿನದ ಮಾತು ನಾವು ಎತ್ತುತ್ತಿರಲಿಲ್ಲ. ಅವನಿಗೆ ನೋವಾಗುತ್ತದೆ ಎಂದು ನಾನು ಸುಮ್ಮನಿದ್ದೆ. ಅವನು ಮನಸ್ಸಿನಲ್ಲಿ ಇದನ್ನು ಇಟ್ಟುಕೊಂಡಿದ್ದಾನೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಂದು ಆ ಹುಡುಗಿಯ ಎದುರಿಗೆ ಎಲ್ಲ ಹೇಳಿದೆ. ನಿಮ್ಮಪ್ಪನಿಗೆ ಯಾರೂ ಏನೂ ಕಲಿಸಲಿಲ್ಲ, ಮಶೀನು ಮುಟ್ಟಲೂ ಬಿಡಲಿಲ್ಲ, ತೋಳು ಮಡಚಬೇಕು ಎಂಬ ಒಂದು ಮಾತನ್ನೂ ಹೇಳಲಿಲ್ಲ, ಕಲಿಸಿದ್ದರೆ ಅವನು ನನಗಿಂತ ಚೆನ್ನಾಗಿ ಕಲಿಯುತ್ತಿದ್ದ ಎಂದೆ. ನನ್ನ ದನಿ ಏರಿತ್ತು. ಒಳಗಿನಿಂದ ನನ್ನ ಹೆಂಡತಿ ಬಂದು ನೋಡಿದಳು.

ನಾನು ಮುಗಿಸಿದ ಮೇಲೆ ಯಲ್ಲಪ್ಪ, ಕೋರ್ಟಿನಲ್ಲಿ ತೀರ್ಪು ಕೇಳುವವನ ಹಾಗೆ ನನ್ನ ಮುಖವನ್ನೇ ನೋಡಿದ.

“ಹಂಗಾರ ಅದು ನನ್ನ ತಪ್ಪಲ್ಲೇನು ಹಣಮ್ಯಾ?” ಎಂದು ಕೇಳಿದ.

ಅವನು ತೀರಿಹೋಗಿ ಬಹಳ ವರ್ಷವಾಯಿತು. ಪೇಪರಿನಲ್ಲಿ ಬಡ ಹುಡುಗರ ಪಕ್ಕದಲ್ಲಿ ನಿಂತು ದೊಡ್ಡವರು ತೆಗೆಸಿಕೊಂಡ ಫೋಟೋ ಕಂಡರೆ ನಾನು ಇಂದಿಗೂ ಆ ಹುಡುಗರ ಕೈಗಳನ್ನು ನೋಡುತ್ತೇನೆ. ಎಪ್ಪತ್ತು ದಾಟಿದ ಮೇಲೆ ಸಿಟ್ಟು ತಣ್ಣಗಾಗುತ್ತದೆ ಎನ್ನುತ್ತಾರೆ. ನನ್ನದು ಆಗಿಲ್ಲ. ಆಗುವುದು ನನಗೆ ಬೇಕಾಗಿಯೂ ಇಲ್ಲ.